ಕುಂದು ಎಪ್ಪತ್ತೊಂದು

"ಇವತ್ತು ನನ್ನ ಹೆಂಡತಿಯ ವಿಷಯ. ಇದುವರೆಗೆ ಯಾರ ಹತ್ರಾನೂ ಬಾಯಿಬಿಡದೆ ಇಟ್ಕೊಂಡಿದ್ದ ವಿಷಯ," ಎಂದಿತು ಕಿವಿಯೊಳಗೆ ಗಂಡನ ದನಿ. ಟೈಪಮ್ಮನ ಕಾಲು ತಾನಾಗಿಯೇ ಪೆಡಲ್ ಮೇಲಿಂದ ಎದ್ದಿತು. ದನಿ ಅಲ್ಲಿಗೇ ನಿಂತಿತು.

ಹೆಡ್‌ಫೋನ್ ತೆಗೆಯದೆ ಹಾಗೇ ಕೂತಳು. ಗೋಡೆಯ ಗಡಿಯಾರದಲ್ಲಿ ಐದೂಕಾಲು. ಗಂಡ ಕೊನೆಯ ಶಿಷ್ಯೆಗೆ ಕಾರು ಹಿಂದಕ್ಕೆ ತೆಗೆಯುವುದನ್ನು ಕಲಿಸಿ ಮನೆಗೆ ಬರುವಾಗ ಏಳಾಗುತ್ತದೆ. ಅಷ್ಟರಲ್ಲಿ ಇದನ್ನು ಟೈಪ್ ಮಾಡಿ, ತಪ್ಪು ತಿದ್ದಿ, ಭಾನುವಾರ ಬೆಳಗ್ಗೆ ಎಂಟಕ್ಕೆ ಬ್ಲಾಗಿನಲ್ಲಿ ಬರುವ ಹಾಗೆ ಏರಿಸಿಡಬೇಕು. ಎಪ್ಪತ್ತು ಶನಿವಾರಗಳಿಂದ ಇದೇ ಕೆಲಸ. ಎಪ್ಪತ್ತು ಶನಿವಾರಗಳಿಂದ ಅವಳು ಕಾದದ್ದೂ ಈ ಒಂದು ಮಾತಿಗೇ. ಅಂತೂ ಬಂತಲ್ಲ, ಎಂದುಕೊಂಡಳು. ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬಂದು ಮತ್ತೆ ಕೂತಳು. ಆದರೂ ಪೆಡಲ್ ಒತ್ತಲು ಧೈರ್ಯ ಬರಲಿಲ್ಲ.

ಅವಳಿಗೆ ಟೈಪಮ್ಮ ಎಂದು ಹೆಸರಿಟ್ಟದ್ದು ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಅವಳದು ಒಂದೇ ಕುರ್ಚಿ. ಡಾಕ್ಟರು ಕತ್ತಲ ಕೋಣೆಯಲ್ಲಿ ಕೂತು ಎಕ್ಸ್-ರೇ, ಸ್ಕ್ಯಾನುಗಳನ್ನು ನೋಡುತ್ತ ಕಂಡದ್ದನ್ನೆಲ್ಲ ಮೈಕಿಗೆ ಹೇಳುತ್ತ ಹೋಗುತ್ತಾರೆ. ಇವಳು ಈಚೆ ಕೂತು ಅದನ್ನು ಕೇಳಿ ಟೈಪ್ ಮಾಡುತ್ತಾಳೆ. ಪೆಡಲ್ ಒತ್ತಿದರೆ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿಯಿಂದ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಮನೆಯಲ್ಲಿರುವುದೂ ಸೆಂಟರಿನಿಂದ ತಂದ ಅಂಥದ್ದೇ ಒಂದು ಹಳೆಯ ಪೆಡಲ್. ಕೆಲಸಕ್ಕೆ ಸೇರಿದ ಮೊದಲ ವಾರ ಅಲ್ಲಿದ್ದ ಹಿರಿಯ ಟೈಪಿಸ್ಟ್ ಹೆಂಗಸು ಇವಳ ಮೇಜು ಬಡಿದು ಹೇಳಿದ್ದಳು: "ಕೇಳಿದ್ದನ್ನ ಹೊಡಿ. ನಿನ್ನ ತಲೆಯಿಂದ ಒಂದಕ್ಷರ ಸೇರಿಸಬೇಡ. ಕೇಳಿಸದೆ ಹೋದ್ರೆ ಐದು ಗೆರೆ ಎಳೆದು ಖಾಲಿ ಬಿಡು, ಡಾಕ್ಟ್ರು ತುಂಬಿಸ್ಕೋತಾರೆ. ಖಾಲಿ ಜಾಗ ಯಾರನ್ನೂ ಕೊಲ್ಲಲ್ಲ ಕಣೇ. ನೀನು ಊಹೆ ಮಾಡಿ ತುಂಬಿಸಿದ್ದು ಕೊಲ್ಲುತ್ತೆ."

ಆವತ್ತಿನಿಂದ ಇವತ್ತಿನವರೆಗೆ ಟೈಪಮ್ಮ ಒಂದಕ್ಷರ ಸೇರಿಸಿದವಳಲ್ಲ. ಪರಿಚಯದವರ ಎದೆಯಲ್ಲಿ ಗಡ್ಡೆ ಇದೆ ಎಂದು ಡಾಕ್ಟರು ಹೇಳಿದಾಗಲೂ ಬೆರಳು ತಡವರಿಸಿರಲಿಲ್ಲ. ಕಿವಿಯಿಂದ ಹೊಕ್ಕದ್ದು ಬೆರಳಿನಿಂದ ಹೊರಗೆ, ನಡುವೆ ಮನಸ್ಸಿಗೆ ಕೆಲಸವಿಲ್ಲ. ಇದು ಅವಳ ಹೆಮ್ಮೆ. ಹೆಮ್ಮೆಪಡಲು ಬೇರೆ ಏನೂ ಸಿಗದವರು ಇಂಥದ್ದನ್ನೇ ಹಿಡಿದುಕೊಳ್ಳುತ್ತಾರೆ.

ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಅವನ ಕಾರಿನಲ್ಲಿ ಬ್ರೇಕು, ಕ್ಲಚ್ಚು ಎರಡೆರಡು ಜೊತೆ. ಶಿಷ್ಯರ ಕಾಲಡಿ ಒಂದು, ಇವನ ಕಾಲಡಿ ಒಂದು. ಬಾಯಿ ಮಾತ್ರ ಒಂದೇ, ಅದಕ್ಕೆ ಬ್ರೇಕೇ ಇಲ್ಲ. ಬೆಳಗ್ಗೆ ಆರಕ್ಕೆ ಶುರುವಾದ ಮಾತು ಸಂಜೆ ಏಳರವರೆಗೆ ನಡೆಯುತ್ತದೆ. ನಗಿಸುತ್ತಾನೆ, ಧೈರ್ಯ ತುಂಬುತ್ತಾನೆ, ಹೆದರಿ ಅಳುವ ಹೆಂಗಸರನ್ನು ಅಕ್ಕ, ತಂಗಿ, ತಾಯಿ ಎಂದು ಸಮಾಧಾನ ಮಾಡಿ ಸ್ಟಿಯರಿಂಗ್ ಹಿಡಿಸುತ್ತಾನೆ. ಹೊರಗಿನವರಿಗೆಲ್ಲ ಬಂಗಾರದಂಥ ಮನುಷ್ಯ. ಅದು ಸುಳ್ಳೂ ಅಲ್ಲ. ಆದರೆ ಆ ಬಂಗಾರವೆಲ್ಲ ಹೊರಗೇ ಖರ್ಚಾಗಿ ಮನೆಗೆ ಬರುವುದು ಖಾಲಿ ಡಬ್ಬಿ, ಅಷ್ಟೆ.

ಒಂದೂವರೆ ವರ್ಷದ ಹಿಂದೆ ಯಾರೋ ಶಿಷ್ಯೆ, "ಸಾರ್, ಇಷ್ಟು ಚೆನ್ನಾಗಿ ಮಾತಾಡ್ತೀರಿ, ನೀವೊಂದು ಬ್ಲಾಗ್ ಯಾಕೆ ಬರೀಬಾರದು?" ಎಂದಳಂತೆ. ಬರೆಯುವುದು ಇವನಿಗೆ ಆಗದ ಮಾತು. ಟೈಪಿಂಗ್ ಅಂತೂ ಒಂದಕ್ಷರ ಬಾರದು. ಒಂದು ಪಾಠಕ್ಕೂ ಇನ್ನೊಂದಕ್ಕೂ ನಡುವೆ ಕಾರನ್ನು ಮರದ ನೆರಳಿಗೆ ನಿಲ್ಲಿಸಿ, ಗಾಜು ಏರಿಸಿ, ಫೋನಿಗೆ ಮಾತಾಡಿ ಹೆಂಡತಿಗೆ ಕಳಿಸುವುದು ಎಂದಾಯಿತು. "ನೀನು ಹೇಗೂ ದಿನಾ ಟೈಪ್ ಮಾಡ್ತೀಯಲ್ಲೇ, ಇದೂ ಒಂದು," ಎಂದ, ಒಗೆಯುವ ಬಟ್ಟೆಗೆ ಇನ್ನೊಂದು ಅಂಗಿ ಸೇರಿಸಿದ ಹಾಗೆ.

ಬ್ಲಾಗಿನ ಹೆಸರು 'ಬಡಪಾಯಿ'. ವಾರಕ್ಕೊಂದು ಬರಹ, ಒಂದೊಂದರಲ್ಲೂ ತನ್ನದೇ ಒಂದೊಂದು ಕುಂದು. ಕುಂದು ಒಂದು, ಹಲ್ಲಿ ಕಂಡರೆ ಹೆದರಿಕೆ. ಕುಂದು ಐದು, ಸಿನಿಮಾ ನೋಡಿ ಅಳುವುದು. ಕುಂದು ಇಪ್ಪತ್ತೆರಡು, ಯಾರು ಏನು ಕೇಳಿದರೂ ಇಲ್ಲ ಎನ್ನಲಾಗದಿರುವುದು. ಕುಂದು ನಲವತ್ತು, ಊರಿಗೆಲ್ಲ ಡ್ರೈವಿಂಗ್ ಕಲಿಸುವವನು ತನ್ನ ಮನೆಯ ಗೇಟಿಗೇ ಗುದ್ದಿದ್ದು. ಎಲ್ಲವೂ ಮದುವೆಮನೆಗೆ ಉಟ್ಟುಕೊಂಡು ಹೋಗಬಹುದಾದಂಥ ಕುಂದುಗಳು. ಜನ ಮುಗಿಬಿದ್ದರು. 'ನಿಮ್ಮ ಪ್ರಾಮಾಣಿಕತೆಗೆ ಶರಣು ಸಾರ್', 'ನಮ್ಮನ್ನು ನಾವೇ ಕನ್ನಡಿಯಲ್ಲಿ ನೋಡಿಕೊಂಡ ಹಾಗಾಯಿತು'. ಟೈಪಮ್ಮನಿಗೆ ಆ ಕನ್ನಡಿ ಒರೆಸುವ ಕೆಲಸ.

ಕುಂದು ಹದಿನಾಲ್ಕು, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದು. ಓದಿದ ಹೆಂಗಸರೆಲ್ಲ ನಕ್ಕು ನಕ್ಕು, ನಮ್ಮ ಮನೆಯಲ್ಲೂ ಇದೇ ಕತೆ ಎಂದು ಬರೆದಿದ್ದರು. ಮರುದಿನವೂ ಟವೆಲು ಹಾಸಿಗೆಯ ಮೇಲೇ ಬಿದ್ದಿತ್ತು. "ಇದನ್ನ ಬರೆದು ಎರಡು ದಿನಾನೂ ಆಗಿಲ್ಲ," ಎಂದಳು ಅವಳು.

"ಬರೆದಾಯ್ತಲ್ಲೇ," ಎಂದ ಅವನು. ಮನಃಪೂರ್ವಕವಾಗಿಯೇ ಹೇಳಿದ. ಲೋಕದ ಮುಂದೆ ಒಪ್ಪಿಕೊಂಡ ಮೇಲೂ ಟವೆಲು ಎತ್ತಬೇಕು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಟೈಪಮ್ಮ ಕಾಯುತ್ತಿದ್ದ ಕುಂದೇ ಬೇರೆ.

ಒಂಬತ್ತು ವರ್ಷದ ಹಿಂದೆ ಸೆಂಟರಿನ ಡಾಕ್ಟರು, "ಎಷ್ಟು ದಿನ ಅಂತ ಟೈಪ್ ಮಾಡ್ತಾ ಕೂತಿರ್ತೀಯಮ್ಮ? ಹಾಸ್ಟೆಲಲ್ಲಿದ್ದು ಎಕ್ಸ್-ರೇ ತೆಗೆಯೋ ಕೋರ್ಸು ಮಾಡ್ಕೊಂಡು ಬಾ. ಎರಡು ವರ್ಷ. ಬಂದಮೇಲೆ ಮೆಷಿನ್ ನಿನ್ನ ಕೈಗೆ," ಎಂದಿದ್ದರು. ಅವಳು ಅರ್ಜಿ ಹಾಕಿದಳು, ಪರೀಕ್ಷೆ ಬರೆದಳು, ಸಂದರ್ಶನಕ್ಕೂ ಹೋಗಿಬಂದಳು. ಆಮೇಲೆ ಒಂದು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಂಚೆಗೆ ಕಾದಳು. ಅವಳು ಕೆಲಸಕ್ಕೆ ಹೋಗಿರುವಾಗ, ಮಧ್ಯಾಹ್ನ, ಊಟಕ್ಕೆ ಮನೆಗೆ ಬರುವವನು ಗಂಡ. ಅಂಚೆ ಬರುವುದೂ ಆಗಲೇ. ದಿನಾ ಸಂಜೆ, "ಏನಾದ್ರೂ ಬಂತೇನ್ರೀ?" ಎಂದು ಕೇಳುವಳು. "ಇಲ್ವಲ್ಲೇ," ಎನ್ನುವನು. ಕೊನೆಗೊಂದು ದಿನ ಅವನೇ ಪಕ್ಕದಲ್ಲಿ ಕೂತು, ತಲೆ ಸವರಿ, "ಸಿಗದಿದ್ರೆ ಹೋಗ್ಲಿ ಬಿಡು. ಎಲ್ಲರ ಹಣೇಲೂ ಬರೆದಿರಲ್ಲ," ಎಂದ. ಅವಳು ಅವನ ಹೆಗಲಿಗೆ ತಲೆ ಇಟ್ಟು ಅತ್ತಿದ್ದಳು. ಈಗ ನೆನೆದರೆ ಆ ಅಳುವೇ ಹೆಚ್ಚು ಉರಿಯುತ್ತದೆ. ಮುಂದಿನ ವರ್ಷ ಅವಳ ಕೈಕೆಳಗೆ ಟೈಪಿಂಗ್ ಕಲಿತ ಹುಡುಗಿ ಅದೇ ಕೋರ್ಸಿಗೆ ಸೇರಿ, ಮುಗಿಸಿಕೊಂಡು ಬಂದಳು. ಅವಳೀಗ ಬಿಳಿ ಕೋಟು ಹಾಕಿಕೊಂಡು, "ಉಸಿರು ಬಿಗಿಹಿಡೀರಿ, ಈಗ ಬಿಡಿ," ಎನ್ನುತ್ತಾಳೆ. ಅವಳು ತೆಗೆದ ಚಿತ್ರದ ವರದಿ ಟೈಪಮ್ಮನ ಮೇಜಿಗೆ ಬರುತ್ತದೆ.

ಗೊತ್ತಾದದ್ದು ಐದು ವರ್ಷದ ಹಿಂದೆ. ಪರೀಕ್ಷೆಗೆಂದು ಕೊಟ್ಟಿದ್ದ ಹಳೆಯ ಅಂಕಪಟ್ಟಿಯೊಂದನ್ನು ವಾಪಸು ತರಲು ಆ ಸಂಸ್ಥೆಗೆ ಹೋಗಿದ್ದಳು. ಗುಮಾಸ್ತ ದಪ್ಪ ರಿಜಿಸ್ಟರು ತೆರೆದು, "ನೀವು ಸೆಲೆಕ್ಟ್ ಆಗಿದ್ರಲ್ಲಮ್ಮ. ಯಾಕೆ ಸೇರಲಿಲ್ಲ?" ಎಂದ. ಅಲ್ಲ, ನನಗೆ ಸಿಗಲಿಲ್ಲ, ಎಂದಳು ಇವಳು. ಅವನು ಹಾಳೆಗೆ ಪಿನ್ನು ಮಾಡಿದ್ದ ರಿಜಿಸ್ಟರ್ಡ್ ಅಂಚೆಯ ಸ್ವೀಕೃತಿ ಚೀಟಿಯನ್ನು ಅವಳ ಕಡೆಗೆ ತಿರುಗಿಸಿದ. ಅದರಲ್ಲಿ ಗಂಡನ ಸಹಿ, ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಮಗಳ ಶಾಲೆಯ ಪ್ರಗತಿಪತ್ರದಲ್ಲಿ ವರ್ಷವರ್ಷವೂ ನೋಡಿದ ಸಹಿ.

ಮನೆಗೆ ಬಂದು ಅಡುಗೆ ಮಾಡಿದಳು. ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಆ ವಾರ ಮಗಳ ಪರೀಕ್ಷೆ, ಹೋಗಲಿ ಆಮೇಲೆ, ಎಂದುಕೊಂಡಳು. ಆಮೇಲೆ ಅತ್ತೆಗೆ ಆಪರೇಷನ್ ಆಯಿತು. ಆಮೇಲೆ ಮಗಳು ಓದಲಿಕ್ಕೆ ಬೇರೆ ಊರಿನ ಹಾಸ್ಟೆಲು ಸೇರಿದಳು. ಒಂದು ಮಾತನ್ನು ಒಂದು ವರ್ಷ ನುಂಗಿಕೊಂಡವರಿಗೆ ಎರಡನೇ ವರ್ಷ ಅದನ್ನು ಕಕ್ಕಲು ಇನ್ನೂ ಕಷ್ಟ. 'ಇಷ್ಟು ದಿನ ಯಾಕೆ ಸುಮ್ಮನಿದ್ದೆ' ಎಂಬ ಪ್ರಶ್ನೆಗೂ ಉತ್ತರ ಹೊಂದಿಸಿಕೊಳ್ಳಬೇಕಾಗುತ್ತದೆ. ಬಚ್ಚಿಟ್ಟ ಎಂಬುದನ್ನು ಅವಳು ಹೇಗೋ ಅರಗಿಸಿಕೊಂಡಿದ್ದಳು. ಯಾಕೆ ಬಚ್ಚಿಟ್ಟ ಎಂಬುದು ಅರಗಿರಲಿಲ್ಲ. ಅವನ ಬಾಯಿಂದಲೇ ಆ ಒಂದು ಮಾತು ಕೇಳಬೇಕಾಗಿತ್ತು. ಕುಂದುಗಳ ಬ್ಲಾಗು ಶುರುವಾದಾಗ ಅವಳಿಗೆ ಒಳಗೊಳಗೇ ಒಂದು ಆಸೆ ಚಿಗುರಿತು. ಹಲ್ಲಿಯಿಂದ ಶುರುಮಾಡಿದವನು ಒಂದಲ್ಲ ಒಂದು ವಾರ ಅಲ್ಲಿಗೂ ಬಂದೇ ಬರುತ್ತಾನೆ, ಎಲ್ಲಿ ಹೋಗುತ್ತಾನೆ.

ಟೈಪಮ್ಮ ಪೆಡಲ್ ಒತ್ತಿದಳು.

"ನನ್ನ ಹೆಂಡತಿ ಬುದ್ಧಿವಂತೆ. ಎಕ್ಸ್-ರೇ ತೆಗೆಯೋ ಕೋರ್ಸು ಮಾಡಬೇಕು ಅಂತ ಒಂದು ಕಾಲದಲ್ಲಿ ಅವಳಿಗೆ ತುಂಬಾ ಆಸೆ ಇತ್ತು. ಆದರೆ ಪಾಪ, ಧೈರ್ಯ ಸಾಲದು. ಒಂದು ಸಲ ಸೀಟು ಸಿಗಲಿಲ್ಲ ಅಂದ ತಕ್ಷಣ ಕೈಚೆಲ್ಲಿ ಕೂತುಬಿಟ್ಟಳು. ಇನ್ನೊಂದು ಸಲ ಅರ್ಜಿ ಹಾಕು ಅಂತ ನಾನು ಜೋರು ಮಾಡಬೇಕಾಗಿತ್ತು. ಮಾಡಲಿಲ್ಲ. ಯಾರನ್ನೂ ಒತ್ತಾಯ ಮಾಡೋದಕ್ಕೆ ನನ್ನ ಕೈಲಿ ಆಗಲ್ಲ, ನೋಡಿ. ಅವಳು ಇವತ್ತಿಗೂ ಟೈಪ್ ಮಾಡ್ತಾ ಕೂತಿರೋದನ್ನ ಕಂಡಾಗೆಲ್ಲ ನನ್ನ ಕರುಳು ಚುರುಕ್ ಅನ್ನುತ್ತೆ. ಇದೇ ನನ್ನ ಎಪ್ಪತ್ತೊಂದನೇ ಕುಂದು. ಅತಿಯಾದ ಮೆದುತನ."

ಹಿಮ್ಮಡಿಯಿಂದ ಒತ್ತಿ ಹಿಂದಕ್ಕೆ ಕಳಿಸಿದಳು. ಮತ್ತೆ ಕೇಳಿದಳು. ಮೂರನೆಯ ಸಲವೂ ಕೇಳಿದಳು. ಒಂದಕ್ಷರವೂ ಅಸ್ಪಷ್ಟವಿರಲಿಲ್ಲ. ದನಿಯಲ್ಲಿ ಸರಿಯಾದ ಜಾಗದಲ್ಲಿ ಒಂದು ಸಣ್ಣ ನಡುಕ ಕೂಡ ಇತ್ತು. ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡಿದಳು, ಕೊನೆಯ 'ಮೆದುತನ'ದವರೆಗೂ. ಪೂರ್ಣವಿರಾಮ ಹಾಕಿ ಕೈ ತೆಗೆದಳು.

ಬಂದದ್ದು ಅಳುವಲ್ಲ, ಸಿಟ್ಟು. ಬಚ್ಚಿಟ್ಟದ್ದಲ್ಲದೆ ಈಗ ಅವಳ ಧೈರ್ಯದ ಮೇಲೆ ಗೂಬೆ ಕೂರಿಸಿ, ತಾನು ಮೆದು ಎಂದು ಬೆನ್ನು ತಟ್ಟಿಸಿಕೊಳ್ಳಲು ಹೊರಟಿದ್ದಾನಲ್ಲ. ಅದನ್ನೂ ಅವಳ ಕೈಯಿಂದಲೇ ಬರೆಸುತ್ತಿದ್ದಾನಲ್ಲ. ಅವಳು ಇಡೀ ಬರಹವನ್ನು ಅಳಿಸಿದಳು. 'ಕುಂದು ಎಪ್ಪತ್ತೊಂದು' ಎಂಬ ತಲೆಬರಹ ಮಾತ್ರ ಉಳಿಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಕಿವಿಯಲ್ಲಿ ಏನೂ ಓಡದಿರುವಾಗ, ಬೆರಳು ಓಡಿತು.

'ಒಂಬತ್ತು ವರ್ಷದ ಹಿಂದೆ ನನ್ನ ಹೆಂಡತಿಗೆ ಎಕ್ಸ್-ರೇ ಕೋರ್ಸಿನಲ್ಲಿ ಸೀಟು ಸಿಕ್ಕಿತ್ತು. ಆ ಕಾಗದ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ಸಹಿ ಹಾಕಿ ತೆಗೆದುಕೊಂಡವನು ನಾನು. ಅವಳಿಗೆ ಹೇಳಲಿಲ್ಲ. ಅಂಚೆ ಬಂತೇ ಎಂದು ಅವಳು ದಿನಾ ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಸೇರುವ ದಿನ ದಾಟಿದ ಮೇಲೆ, ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ ಎಂದು ಸಮಾಧಾನ ಹೇಳಿದೆ. ಅವಳು ನನ್ನ ಹೆಗಲ ಮೇಲೆಯೇ ಅತ್ತಳು. ನಾನು ಹೀಗೆ ಮಾಡಿದ್ದಕ್ಕೆ ಕಾರಣ'

ಇಲ್ಲಿ ಬೆರಳು ನಿಂತಿತು. ಕಾರಣ ಅವಳಿಗೆ ಗೊತ್ತಿರಲಿಲ್ಲ. ಊಹೆಗಳೇನೋ ಒಂದು ಮೂಟೆಯಷ್ಟಿದ್ದವು. ಎರಡು ವರ್ಷ ಹೆಂಡತಿ ಹಾಸ್ಟೆಲಿನಲ್ಲಿದ್ದರೆ ಮನೆ ನೋಡುವವರು ಯಾರು ಎಂಬ ಚಿಂತೆ ಇರಬಹುದು. ತನಗಿಂತ ದೊಡ್ಡ ಕೆಲಸ ಹಿಡಿದುಬಿಟ್ಟಾಳು ಎಂಬ ಹೊಟ್ಟೆಕಿಚ್ಚಿರಬಹುದು. ಇವತ್ತು ಬೇಡ, ನಾಳೆ ಹೇಳೋಣ ಎಂದು ಮುಂದೂಡುತ್ತ ಹೋಗಿ ಹೇಳಲಾಗದೆ ಉಳಿದದ್ದೂ ಇರಬಹುದು. ಯಾವುದನ್ನು ಬೇಕಾದರೂ ಹಾಕಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ಊಹೆಯನ್ನು ಟೈಪ್ ಮಾಡಲು ಅವಳ ಕೈ ಬರಲಿಲ್ಲ. ಕಸುಬಿನ ಅಭ್ಯಾಸ. ಐದು ಗೆರೆ ಎಳೆದಳು: '—————'. ಮುಂದೊಂದು ಪೂರ್ಣವಿರಾಮ. ಬೆಳಗ್ಗೆ ಎಂಟಕ್ಕೆ ಎಂದು ಹೊತ್ತು ನಿಗದಿ ಮಾಡಿ ಏರಿಸಿದಳು. ತುಂಬಿಸಬೇಕಾದವನು ನೋಡಿ ತುಂಬಿಸಲಿ.

ರಾತ್ರಿ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ. "ಇವತ್ತಿಂದು ಟೈಪ್ ಮಾಡಿದ್ಯೇನೇ? ನಿನ್ನ ಬಗ್ಗೆ ಹೇಳಿದ್ದೀನಿ, ಬೇಜಾರಿಲ್ಲ ತಾನೆ?"

"ಅದ್ರಲ್ಲಿ ಏನಾದ್ರೂ ಬಿಟ್ಟುಹೋಗಿದ್ಯಾ?" ಎಂದಳು ಟೈಪಮ್ಮ. ಇದೊಂದು ಅವಕಾಶ ಕೊಡಬೇಕು ಎಂದು ಬೇಕೆಂದೇ ಕೇಳಿದಳು. ಅವನು ಒಂದು ಮಾತು ಆಡಿದ್ದರೂ ಎದ್ದುಹೋಗಿ ಏರಿಸಿದ್ದನ್ನು ಇಳಿಸಿಬಿಡುತ್ತಿದ್ದಳು.

ಅವನು ತುತ್ತು ಅಗಿಯುತ್ತ ಮೇಲೆ ನೋಡಿದ. "ಇಲ್ವಲ್ಲ. ಯಾಕೆ?"

"ಸುಮ್ನೆ ಕೇಳಿದೆ," ಎಂದು ಅವಳು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಭಾನುವಾರ ಡ್ರೈವಿಂಗ್ ಶಾಲೆಗೆ ಕೈತುಂಬ ಕೆಲಸ. ಅವನು ಆರಕ್ಕೇ ಹೊರಟುಹೋದ. ಎಂಟು ಹೊಡೆದಾಗ ಟೈಪಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದಳು. ಇವತ್ತಿಗೆ ಬಡಪಾಯಿಯ ಬಣ್ಣ ಬಯಲು, ಇನ್ನು ಅವನು ಯಾರ ಮುಂದೆಯೂ ಮುಖ ಎತ್ತಿ ತಿರುಗಲಾರ, ಎಂದುಕೊಂಡಳು. ಹಾಗೆಂದುಕೊಂಡ ಕೂಡಲೇ ಅಯ್ಯೋ ಅನಿಸಿತು. ಇಪ್ಪತ್ತಮೂರು ವರ್ಷ ಬಾಳಿದ ಗಂಡ. ಎರಡು ಸಲ ಅಳಿಸುವ ಗುಂಡಿಯ ಹತ್ತಿರ ಬೆರಳು ಹೋಯಿತು. ಅಷ್ಟರಲ್ಲಿ ಮೊದಲ ಪ್ರತಿಕ್ರಿಯೆ ಬಂತು.

'ಸಾರ್, ಮಾತೇ ಹೊರಡುತ್ತಿಲ್ಲ. ಇಷ್ಟು ದೊಡ್ಡ ತಪ್ಪನ್ನು ಒಪ್ಪಿಕೊಳ್ಳಲು ಎಂಥ ಎದೆಗಾರಿಕೆ ಬೇಕು.'

ಟೈಪಮ್ಮ ಅದನ್ನು ಎರಡು ಸಲ ಓದಿದಳು. ಯಾರೋ ಒಬ್ಬ ತಲೆಕೆಟ್ಟವನು, ಎಂದುಕೊಂಡಳು. ಆಮೇಲೆ ಸಾಲಾಗಿ ಬರತೊಡಗಿದವು. 'ಇಲ್ಲಿವರೆಗಿನ ಎಪ್ಪತ್ತೂ ಒಂದು ತೂಕ, ಇದೇ ಒಂದು ತೂಕ.' 'ಕಾರಣ ಎಂದು ಬರೆದು ಖಾಲಿ ಬಿಟ್ಟಿದ್ದೀರಲ್ಲ, ಅಲ್ಲಿ ಹತ್ತು ನಿಮಿಷ ಸುಮ್ಮನೆ ಕೂತೆ.' 'ಹೇಳಲಾಗದ್ದನ್ನು ಗೆರೆ ಎಳೆದು ಹೇಳಿದಿರಿ. ಆ ಗೆರೆಗಳಲ್ಲಿ ಒಬ್ಬ ಗಂಡಸಿನ ಪಶ್ಚಾತ್ತಾಪವೆಲ್ಲ ಇದೆ.' 'ಇಂಥ ಗಂಡನನ್ನು ಪಡೆದ ಆ ತಾಯಿ ಪುಣ್ಯವಂತೆ.' ಒಬ್ಬ ಹೆಂಗಸು ಮಾತ್ರ, 'ಒಪ್ಪಿಕೊಂಡಿರಿ ಸರಿ, ಆಕೆಗೆ ಹೋದ ಒಂಬತ್ತು ವರ್ಷ ಯಾರು ಕೊಡುತ್ತಾರೆ?' ಎಂದು ಬರೆದಿದ್ದಳು. ಟೈಪಮ್ಮನಿಗೆ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು. ನೋಡನೋಡುತ್ತಲೇ ಹದಿನೆಂಟು ಜನ ಸೇರಿ ಅವಳಿಗೆ ಚಳಿ ಬಿಡಿಸಿದರು. ತಪ್ಪೊಪ್ಪಿಕೊಂಡವರ ಮೇಲೆ ಕಲ್ಲು ಹಾಕುವ ನಿಮ್ಮಂಥವರಿಂದಲೇ ಯಾರೂ ನಿಜ ಹೇಳುವುದಿಲ್ಲ ಎಂದರು. ಅವಳು ತನ್ನ ಮಾತನ್ನು ಅಳಿಸಿಕೊಂಡು ಹೋದಳು.

ಬಿಳಿ ಕೋಟಿನ ಹುಡುಗಿಯಿಂದಲೂ ಸಂದೇಶ ಬಂತು: 'ಅಕ್ಕ, ಓದಿ ಅಳು ಬಂತು. ಭಾವಂಗೆ ಎಂಥಾ ಧೈರ್ಯ.'

ಹನ್ನೊಂದಕ್ಕೆ ಹಾಸ್ಟೆಲಿನಿಂದ ಮಗಳ ಫೋನು. ಮೂಗು ಕಟ್ಟಿದ ದನಿ. "ಅಮ್ಮಾ, ಅಪ್ಪ ಬರೆದಿದ್ದು ನಿಜಾನಾ? ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ಟೈಪಮ್ಮ.

"ಯಾವಾಗಿಂದ?"

"ಐದು ವರ್ಷ ಆಯ್ತು."

ಮಗಳು ತನ್ನ ಪರವಾಗಿ ಏನೋ ಹೇಳುತ್ತಾಳೆ ಎಂದು ತಾಯಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಐದು ವರ್ಷ ಮನಸ್ಸಲ್ಲೇ ಇಟ್ಕೊಂಡು ಅಪ್ಪನ ಜೊತೆ ನಗ್ತಾ ಇದ್ದೆಯಲ್ಲಮ್ಮ," ಎಂದಳು ಮಗಳು. "ಹೇಗೆ ಆಯ್ತು ನಿಂಗೆ? ಅಪ್ಪ ತಪ್ಪು ಮಾಡಿದ್ರು, ಒಪ್ತೀನಿ. ಆದ್ರೆ ಬಾಯಿಬಿಟ್ಟು ಹೇಳಿದ್ರಲ್ಲ. ನೀನು ಒಂದು ಮಾತು ಕೇಳ್ಬೋದಿತ್ತು ತಾನೆ?"

ಬರೆದದ್ದು ನಾನು ಎಂದು ಹೇಳಲು ಬಾಯಿ ತೆರೆದಳು. ಹೇಳಿದರೆ ಮಗಳಿಗೆ ಅಪ್ಪನೂ ಇಲ್ಲದಂತಾಗುತ್ತಾನೆ, ಅಮ್ಮನೂ ಇಲ್ಲದಂತಾಗುತ್ತಾಳೆ ಎನಿಸಿತು. "ಕೇಳ್ಬೋದಿತ್ತು," ಎಂದಳು. "ಊಟ ಆಯ್ತಾ?"

ಮಧ್ಯಾಹ್ನ ಎರಡಕ್ಕೆ ಕಾರಿನ ಸದ್ದಾಯಿತು. ಟೈಪಮ್ಮ ಎದ್ದು ನಿಂತಳು. ಬೈಯಲಿ, ಕೂಗಾಡಲಿ, ಕೈ ಎತ್ತಿದರೂ ಎತ್ತಲಿ, ಇವತ್ತು ಆಗುವುದೆಲ್ಲ ಆಗಿಹೋಗಲಿ ಎಂದುಕೊಂಡಳು. ಅವನು ಒಳಗೆ ಬಂದ. ಕಣ್ಣುಗಳು ಕೆಂಪಾಗಿದ್ದವು. ಬಂದವನೇ ಅವಳ ಎರಡೂ ಕೈ ಹಿಡಿದುಕೊಂಡ.

"ಹತ್ತು ಗಂಟೆಗೆ ನೋಡಿದೆ ಕಣೇ. ಕಾರು ಪಕ್ಕಕ್ಕೆ ಹಾಕಿಸ್ದೆ. ತೆಗೆದುಬಿಡೋಣ ಅಂದ್ರೆ ಹೇಗೆ ತೆಗೀಬೇಕು ಅಂತಾನೂ ಗೊತ್ತಿಲ್ಲ, ಪಾಸ್‌ವರ್ಡು ನಿನ್ನ ಹತ್ರ. ನಿಂಗೆ ಫೋನ್ ಮಾಡಿ ಬೈಯೋಣ ಅಂತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಅಷ್ಟರಲ್ಲಿ ಪಕ್ಕದಲ್ಲಿದ್ದ ಆ ಸ್ಕೂಲ್ ಟೀಚರು, ಮೂರು ಸಲ ಟೆಸ್ಟಲ್ಲಿ ಫೇಲಾಗಿದಾರಲ್ಲ, ಅವರೂ ಫೋನಲ್ಲಿ ಅದನ್ನೇ ಓದ್ತಾ ಕೂತಿದ್ರು. ಕಣ್ಣಲ್ಲಿ ನೀರು. 'ಸಾರ್, ನಮ್ಮೆಜಮಾನ್ರು ಯಾವತ್ತೂ ಹೀಗೆ ಒಪ್ಕೊಂಡೋರಲ್ಲ' ಅಂದ್ರು. ನಂಗೂ ಅಳು ಬಂದ್ಬಿಡ್ತು." ಅವನು ಕುರ್ಚಿ ಎಳೆದು ಕೂತ. "ಲೈಕು ಒಂಬೈನೂರು ದಾಟಿದೆ ನೋಡು. ಎಷ್ಟು ಚೆನ್ನಾಗಿ ಬರ್ದಿದ್ದೀಯೇ. ಎಲ್ಲಕ್ಕಿಂತ ಆ ಖಾಲಿ ಜಾಗ. ಅದು ಹೇಗೆ ಹೊಳೀತು ನಿಂಗೆ?"

"ಹೊಳೀಲಿಲ್ಲ," ಎಂದಳು ಟೈಪಮ್ಮ. "ಕಾರಣ ನಂಗೆ ಗೊತ್ತಿರ್ಲಿಲ್ಲ. ಅದಕ್ಕೆ ಬಿಟ್ಟೆ."

ಅವನು ಅದನ್ನು ಕೇಳಿಸಿಕೊಂಡನೋ ಇಲ್ಲವೋ. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಲಿಲ್ಲ. ಎಷ್ಟು ದಿನದಿಂದ ಗೊತ್ತು ಎಂದೂ ಕೇಳಲಿಲ್ಲ. ಫೋನನ್ನು ಬೆರಳಲ್ಲಿ ಮೇಲಕ್ಕೆ ಜಾರಿಸುತ್ತ ಒಂದೊಂದನ್ನೇ ಗಟ್ಟಿಯಾಗಿ ಓದಿ ಹೇಳತೊಡಗಿದ. ಓದುತ್ತ ಓದುತ್ತ ಮುಖ ತಿಳಿಯಾಯಿತು. ಒಂಬತ್ತು ವರ್ಷದ ಭಾರ ಇಳಿದ ಮನುಷ್ಯನ ಮುಖ ಹೇಗಿರುತ್ತದೆ ಎಂದು ಅವಳು ಕಣ್ಣಾರೆ ಕಂಡಳು. ಆ ಭಾರವನ್ನು ಇಳಿಸಿದ್ದು ಯಾರ ತಲೆಯ ಮೇಲೆ ಎಂಬುದು ಅವನಿಗೆ ಬೇಕಿರಲಿಲ್ಲ.

"ಇಲ್ಲಿ ನೋಡು, ಒಬ್ಬರು ಕೇಳಿದಾರೆ. 'ನಿಮ್ಮ ಹೆಂಡತಿ ನಿಮ್ಮನ್ನು ಕ್ಷಮಿಸಿದ್ದಾರಾ?' ಅಂತ. ಬೇಕಾದಷ್ಟು ಜನ ಉತ್ತರಕ್ಕೆ ಕಾಯ್ತಾ ಇದಾರೆ. ಬೇಗ ಹಾಕ್ಬಿಡೇ. ಕ್ಷಮಿಸಿದ್ದಾಳೆ, ಅವಳದು ದೊಡ್ಡ ಮನಸ್ಸು ಅಂತ."

ಟೈಪಮ್ಮ ಅವನ ಎದುರಿಗೆ ಕೂತಳು. "ಯಾಕೆ ಬಚ್ಚಿಟ್ರಿ?"

ದನಿ ಏರಿಸಿರಲಿಲ್ಲ. ಐದು ವರ್ಷದಿಂದ ಗಂಟಲಲ್ಲಿದ್ದ ಮಾತು ಹೊರಗೆ ಬಂದಾಗ ಇಷ್ಟು ಚಿಕ್ಕದಾಗಿರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಅವನ ಬೆರಳು ಫೋನಿನ ಮೇಲೆ ನಿಂತಿತು. ಮುಖ ಒಂದು ಗಳಿಗೆ ಬೇರೆಯಾಯಿತು. ಆ ಮುಖವನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ವಯಸ್ಸಾದ, ಹೆದರಿ ಕೂತ ಯಾರದೋ ಮುಖದ ಹಾಗಿತ್ತು. "ಯಾಕೆ ಅಂದ್ರೆ..." ಎಂದ. ಅವಳು ಉಸಿರು ಬಿಗಿಹಿಡಿದಳು.

ಫೋನು ಟಿಣ್ ಎಂದಿತು. ಅವನು ಅದನ್ನು ನೋಡಿದ. ನೋಡಿ ತಲೆ ಎತ್ತುವಷ್ಟರಲ್ಲಿ ಹಳೆಯ ಮುಖ ವಾಪಸು ಬಂದಿತ್ತು.

"ಬಿಡೇ, ಹಳೇ ಕತೆ. ಈಗ ನೆನಪೂ ಸರಿಯಾಗಿಲ್ಲ. ನೀನು ಖಾಲಿ ಬಿಟ್ಟಿದ್ದೇ ಚೆನ್ನಾಗಿದೆ. ಈಗ ಅಲ್ಲಿ ಏನು ಹಾಕಿದ್ರೂ ಕೆಟ್ಟುಹೋಗುತ್ತೆ."

ಟೈಪಮ್ಮ ಎದ್ದು, ಕಂಪ್ಯೂಟರಿನ ಮುಂದಿದ್ದ ತನ್ನ ಕುರ್ಚಿಯನ್ನು ಅವನಿಗಾಗಿ ಹಿಂದಕ್ಕೆಳೆದಳು. "ಆ ಉತ್ತರ ನೀವೇ ಟೈಪ್ ಮಾಡಿ," ಎಂದಳು.

"ನಂಗೆಲ್ಲಿ ಬರುತ್ತೆ?"

"ಒಂದೊಂದೇ ಒತ್ತಿ."

ಅವನು ನಗುತ್ತಲೇ ಬಂದು ಕೂತ. ಕನ್ನಡಕವನ್ನು ಹಣೆಗೇರಿಸಿ ಕೀಲಿಗಳ ಮೇಲೆ ಬಗ್ಗಿ, ತೋರುಬೆರಳೊಂದನ್ನೇ ಎತ್ತಿ ಹಿಡಿದು ಅಕ್ಷರ ಹುಡುಕಿದ. ಸಿಕ್ಕಿದಾಗ ಒತ್ತಿದ. ತಪ್ಪಿದಾಗ ನಾಲಿಗೆ ಕಚ್ಚಿಕೊಂಡು ಅಳಿಸಿದ, ಮತ್ತೆ ಹುಡುಕಿದ. ಅವಳು ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು. ಸಹಾಯ ಮಾಡಲಿಲ್ಲ, ಅಲ್ಲಿಂದ ಹೋಗಲೂ ಇಲ್ಲ. ಎರಡು ಸಾಲಿಗೆ ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಅವನು ಒಂದು ಮಾತೂ ಆಡದೆ ಕೂತದ್ದನ್ನು ಅವಳು ಈ ಮನೆಯಲ್ಲಿ ಕಂಡಿರಲಿಲ್ಲ.

"ನೋಡು, ಸರಿ ಇದ್ಯಾ?" ಎಂದು ಪರದೆಯನ್ನು ಅವಳ ಕಡೆಗೆ ತಿರುಗಿಸಿದ.

'ನನ್ನ ಹೆಂಡತಿ ನನ್ನನ್ನು ಕ್ಷಮಿಸಿದ್ದಾಳೆ. ಅವಳದು ದೊಡ್ಡ ಮನಸ್ಸು.'

ಟೈಪಮ್ಮ ವರದಿ ಓದುವ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಿದಳು. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು ಇನ್ನೊಂದು ಸಲ ಓದಿದಳು. ಅವಳು ಏನಾದರೂ ಹೇಳುವ ಮೊದಲೇ ಅವನು ಗುಂಡಿ ಒತ್ತಿಯಾಗಿತ್ತು.

ಆ ಎರಡು ಸಾಲಿನ ಕೆಳಗೆ ಪುಟ್ಟ ಕೆಂಪು ಹೃದಯವೊಂದು ಬಂದು ಕೂತಿತು. ಆಮೇಲೆ ಇನ್ನೊಂದು. ಆಮೇಲೆ ಒಟ್ಟಿಗೇ ಏಳೆಂಟು. ಅವಳು ನಿಂತಲ್ಲೇ ನಿಂತು ಅವು ಬೀಳುವುದನ್ನೇ ನೋಡುತ್ತಿದ್ದಳು.